ಬಾನೆಟ್ ಎತ್ತಿ ನೋಡಿ: ತಗಡಿನ ನಂಬರ್ ನಂಬಬಹುದೇ?

ಪ್ರಶ್ನೆ: ಸಾರ್, ಊರಿಗೆ ವಾಪಸ್ ಹೊರಟಿದ್ದ ಇಂಗ್ಲಿಷ್ ಪ್ಲಾಂಟರ್ ಒಬ್ಬರಿಂದ ನಮ್ಮ ದೊಡ್ಡಪ್ಪ ಕೊಂಡಿದ್ದ 1957ರ ಎಂಜಿಎ ಸ್ಪೋರ್ಟ್ಸ್ ಕಾರು ಎಸ್ಟೇಟ್ ಶೆಡ್ಡಿನಲ್ಲಿ ನಿಂತಿದೆ. ಸರಿ ಮಾಡಿಸೋಣ ಅಂತಿದ್ದೇನೆ. ಆದರೆ ಆರ್‌ಸಿ ಪುಸ್ತಕದಲ್ಲಿರುವ ಎಂಜಿನ್ ನಂಬರೇ ಬೇರೆ, ಎಂಜಿನ್ ಮೇಲಿನ ತಗಡಿನ ನಂಬರೇ ಬೇರೆ. ಮೆಕ್ಯಾನಿಕ್ ನೋಡಿ, "ಇದು ಅಂಬಾಸಡರ್ ಎಂಜಿನ್" ಅಂದ. ಮೂಲ ಎಂಜಿನ್ ಹುಡುಕುವುದು ಹೇಗೆ? ಸಿಗದಿದ್ದರೆ ಹಳೇ ನಂಬರನ್ನೇ ಇದಕ್ಕೆ ಹೊಡೆಸಬಹುದಾ?
(ಓದುಗರು, ಚಿಕ್ಕಮಗಳೂರು)

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಡ್ತೇನೆ. ಹೊಡೆಸಬೇಡಿ. ನಂಬರ್ ತಿದ್ದುವುದು ಅಪರಾಧ. ಬೆಂಗಳೂರಿನ ಜೆ.ಸಿ. ರಸ್ತೆ ಪಕ್ಕದಲ್ಲಿ ನಾನು ಎಂಜಿನ್ ಬೋರಿಂಗ್ ಶಾಪ್ ನಡೆಸುತ್ತಿದ್ದಾಗ ಈ ಕೆಲಸಕ್ಕೆ ಅಂತಲೇ ಬರುವವರಿದ್ದರು. ಟೀ ಕುಡಿಸಿ ವಾಪಸ್ ಕಳಿಸುತ್ತಿದ್ದೆ.

ನಿಮ್ಮ ಮೆಕ್ಯಾನಿಕ್ ಹೇಳಿದ್ದು ನಿಜ ಇರಬಹುದು. 1500 ಮಾದರಿಯ ಎಂಜಿಎಯಲ್ಲಿದ್ದದ್ದು ಬಿಎಂಸಿ ಅನ್ನುವ ಬ್ರಿಟಿಷ್ ಕಂಪನಿಯ ಬಿ-ಸೀರೀಸ್ ಎಂಜಿನ್, 1489 ಸಿಸಿ. ನಮ್ಮ ಅಂಬಾಸಡರ್‌ನಲ್ಲಿ ಎಷ್ಟೋ ವರ್ಷ ಓಡಿದ್ದೂ ಅದೇ ಜಾತಿ, ಅದೇ 1489 ಸಿಸಿ. ಬೋರು (ಸಿಲಿಂಡರಿನ ಅಗಲ), ಸ್ಟ್ರೋಕು (ಪಿಸ್ಟನ್ ಓಡುವ ದೂರ) ಎರಡೂ ಒಂದೇ. ಹೊರದೇಶದ ಬಿಡಿಭಾಗ ಸಿಗದ ಕಾಲದಲ್ಲಿ ಎಂಜಿಎ ಎಂಜಿನ್ ಕೆಟ್ಟರೆ ಟ್ಯಾಕ್ಸಿಯ ಎಂಜಿನ್ ಕೂರಿಸಿ ಓಡಿಸುವುದು ದೊಡ್ಡ ಮಾತೇನಲ್ಲ. ಹಾಗೆ ಎಂಜಿನ್ ಬದಲಿಸಿದ ಆ ಕಾಲದ ಮೆಕ್ಯಾನಿಕ್ಕನ್ನು ಬೈಯಬೇಡಿ, ಕಾರು ಗುಜರಿಗೆ ಹೋಗದಂತೆ ತಡೆದದ್ದು ಅವನೇ.

ಆದರೆ ತಗಡು ನೋಡಿದ ಮಾತ್ರಕ್ಕೆ ತೀರ್ಮಾನ ಮಾಡುವ ಹಾಗಿಲ್ಲ. ಈ ಎಂಜಿನ್ನಿನಲ್ಲಿ ನಂಬರನ್ನು ಬ್ಲಾಕಿನ, ಅಂದರೆ ಎಂಜಿನ್ನಿನ ಮುಖ್ಯ ಒಡಲಿನ, ಕಬ್ಬಿಣಕ್ಕೇ ಕೊರೆದಿರುವುದಿಲ್ಲ. ಬ್ಲಾಕಿನ ಬಲಬದಿಯಲ್ಲಿ ರಿವೆಟ್ ಹೊಡೆದು ಕೂರಿಸಿದ ಚಿಕ್ಕ ತಗಡಿನ ಮೇಲೆ ಇರುತ್ತದೆ. ರಿವೆಟ್ ಕಿತ್ತರೆ ತಗಡು ಇನ್ನೊಂದು ಬ್ಲಾಕಿಗೆ ಹೋಗಿ ಕೂರುತ್ತದೆ. ಬಾಡಿಗೆ ಮನೆಯ ಬಾಗಿಲಿನ ಹೆಸರಿನ ಫಲಕ ಇದ್ದ ಹಾಗೆ! ಅದಕ್ಕೆ ಮೊದಲು ರಿವೆಟ್ ನೋಡಿ. ಹಳೆಯದಾ, ಈಚೆಗೆ ಹೊಡೆದದ್ದಾ? ಸುತ್ತಲಿನ ಪೇಂಟ್ ಕೆದಕಿದೆಯಾ? ಆಮೇಲೆ ಬ್ಲಾಕನ್ನು ಸೀಮೆಎಣ್ಣೆ ಹಾಕಿ ಉಜ್ಜಿ, ಎರಕದಲ್ಲೇ ಮೂಡಿರುವ ಅಂಕಿ ಅಕ್ಷರಗಳ ಫೋಟೋ ತೆಗೆಯಿರಿ. ಅವನ್ನು ಕಿತ್ತು ಬೇರೆ ಕಡೆ ಅಂಟಿಸಲು ಆಗುವುದಿಲ್ಲ. ಗ್ರೈಂಡರ್ ಮಾತ್ರ ಹತ್ತಿರ ತರಬೇಡಿ.

ಈಗ ಆರ್‌ಸಿಯಲ್ಲಿರುವ ನಂಬರ್ ಓದಿ. 'ಬಿಪಿ15ಜಿಬಿ' ಅಥವಾ '15ಜಿಬಿ' ಅಂತ ಶುರುವಾದರೆ ಅದು ಎಂಜಿಎ ಎಂಜಿನ್ನಿನದೇ. 15 ಅಂದರೆ 1500 ಸಿಸಿ, ಜಿ ಅಂದರೆ ಕಾರು ಮಾಡಿದ ಎಂಜಿ ಕಂಪನಿ. ಮುಂದೆ 'ಯು' ಬಂದರೆ ಗೇರ್ ಕಡ್ಡಿ ಮಧ್ಯದಲ್ಲಿದೆ ಅಂತ, 'ಎಚ್' ಬಂದರೆ ಹೈ ಕಂಪ್ರೆಷನ್ ಅಂತ. ಆದರೂ ಆರ್‌ಸಿಯನ್ನು ಪೂರ್ತಿ ನಂಬಬೇಡಿ. ದೊಡ್ಡಪ್ಪ ಕೊಳ್ಳುವ ಮುಂಚೆಯೇ ಎಂಜಿನ್ ಬದಲಾಗಿ, ಆ ನಂಬರೇ ಪುಸ್ತಕಕ್ಕೆ ಏರಿರಬಹುದು. ಆರ್‌ಟಿಒದಲ್ಲಿ ಬಿ ಎಕ್ಸ್‌ಟ್ರಾಕ್ಟ್, ಅಂದರೆ ಅವರ ರಿಜಿಸ್ಟರಿನಲ್ಲಿ ಈ ಗಾಡಿಯ ದಾಖಲೆಯ ಪ್ರತಿ, ಕೇಳಿ. ಮನೆಯಲ್ಲಿ ಹಳೇ ಇನ್ಶೂರೆನ್ಸ್ ಕಾಗದ, ಗ್ಯಾರೇಜ್ ಬಿಲ್ಲು ಹುಡುಕಿ. ದೊಡ್ಡಮ್ಮ ಇದ್ದರೆ ಅವರನ್ನೇ ಕೇಳಿ. ಎಂಜಿನ್ ಇಳಿಸಿದಾಗ ಎಷ್ಟು ದುಡ್ಡು ಹೋಯಿತು ಅನ್ನುವುದು ಹೆಂಗಸರಿಗೆ ಮರೆಯುವುದಿಲ್ಲ.

ಗಟ್ಟಿ ಸಾಕ್ಷಿ ಇರುವುದು ಇಂಗ್ಲೆಂಡಿನಲ್ಲಿ. ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟಾರ್ ಮ್ಯೂಸಿಯಂ ಹತ್ತಿರ ಎಂಜಿಎ ಕಾರುಗಳ ಕಾರ್ಖಾನೆ ದಾಖಲೆಗಳಿವೆ. ಚಾಸಿ ನಂಬರ್ ಬರೆದು ಶುಲ್ಕ ಕಟ್ಟಿದರೆ ಹೆರಿಟೇಜ್ ಸರ್ಟಿಫಿಕೇಟ್ ಕೊಡುತ್ತಾರೆ. ಕಾರು ಯಾವಾಗ ತಯಾರಾಯಿತು, ಯಾವ ಬಣ್ಣ, ಎಲ್ಲಿಗೆ ಹೋಯಿತು, ಹೊರಟಾಗ ಯಾವ ಎಂಜಿನ್ ಇತ್ತು, ಎಲ್ಲ ಅದರಲ್ಲಿರುತ್ತದೆ. ಮೊದಲು ಈ ಕೆಲಸ ಮುಗಿಸಿ. ಹುಡುಕಾಟ ಆಮೇಲೆ.

ಹುಡುಕುವುದೆಲ್ಲಿ? ಬ್ಲಾಕ್ ಒಡೆದುಹೋಗಿದ್ದರೆ ಕಥೆ ಅಲ್ಲಿಗೆ ಮುಗಿಯಿತು. ಇಲ್ಲದಿದ್ದರೆ ನಿಮ್ಮ ಶೆಡ್ಡಿನ ಮೂಲೆಯಿಂದಲೇ ಶುರು ಮಾಡಿ. ಆಮೇಲೆ ಆ ಕಾಲದ ಗ್ಯಾರೇಜು, ಸುತ್ತಮುತ್ತ ಹಳೇ ಅಂಬಾಸಡರ್ ಇಟ್ಟುಕೊಂಡಿರುವವರು. ಅಂಬಾಸಡರ್ ಎಂಜಿನ್ ಎಂಜಿಎಗೆ ಬಂದಂತೆ, ರಿಪೇರಿಯಾದ ಎಂಜಿಎ ಎಂಜಿನ್ ಅಂಬಾಸಡರ್‌ಗೂ ಹೋಗಿರಬಹುದಲ್ವಾ? ಒಂದು ಎಚ್ಚರಿಕೆ: ಪೂರ್ತಿ ನಂಬರ್ ಯಾರಿಗೂ ಹೇಳಬೇಡಿ. '15ಜಿಬಿ ಎಂಜಿನ್ ಬೇಕು' ಅನ್ನಿ, ಸಾಕು. ಪೂರ್ತಿ ಹೇಳಿದರೆ ವಾರದೊಳಗೆ ಅದೇ ನಂಬರಿನ ಹೊಳೆಯುವ ತಗಡು ನಿಮ್ಮ ಮನೆ ಬಾಗಿಲಿಗೆ ಬರುತ್ತದೆ.

ಸಿಗಲಿಲ್ಲವೇ? ಆ ಕಾಲದ ಇನ್ನೊಂದು 15ಜಿಬಿ ಎಂಜಿನ್ ಹಾಕಿ, ಆರ್‌ಸಿಯಲ್ಲಿ ಅದರ ನಂಬರನ್ನೇ ಬರೆಸಿ. ಅದೂ ಬೇಡವೆಂದರೆ ಈಗಿರುವುದನ್ನೇ ಬೋರ್ ಮಾಡಿಸಿ, ಎಂಜಿಎಗೆ ಇದ್ದಂತೆ ಎರಡು ಎಸ್‌ಯು ಕಾರ್ಬ್ಯುರೇಟರ್ ಕೂರಿಸಿ ಓಡಿಸಿ. ನಾನಾಗಿದ್ದರೆ ಅದನ್ನೇ ಮಾಡುತ್ತಿದ್ದೆ. ಮಾರುವಾಗ ಬೆಲೆ ಸ್ವಲ್ಪ ಇಳಿಯುತ್ತದೆ. ಮಾರುವ ಯೋಚನೆ ನಿಮಗೆ ಇದ್ದಂತೆ ಕಾಣಲಿಲ್ಲ.

ಪ್ರಶ್ನೆ: ಚಾಸಿ ನಂಬರ್ ಗೊತ್ತಿದ್ದರೆ ಎಂಜಿನ್ ನಂಬರನ್ನು ಲೆಕ್ಕ ಹಾಕಿ ಹೇಳಬಹುದೇ?
(ಓದುಗರು, ಮೈಸೂರು)

ಉತ್ತರ: ಆಗುವುದಿಲ್ಲ. ಎಂಜಿಎ ಜೋಡಣೆ ನಡೆಯುತ್ತಿದ್ದದ್ದು ಇಂಗ್ಲೆಂಡಿನ ಅಬಿಂಗ್ಡನ್‌ನಲ್ಲಿ. ಎಂಜಿನ್ ಹೊರಗಿನಿಂದ ಬರುತ್ತಿತ್ತು, ಕೈಗೆ ಸಿಕ್ಕದ್ದನ್ನು ಕೂರಿಸುತ್ತಿದ್ದರು. ಚಾಸಿ ನಂಬರ್ 10101ರಿಂದ ಶುರುವಾದದ್ದು ಹೌದು. ಆದರೆ ಚಾಸಿ ನಂಬರಿನ ಸಾಲು, ಎಂಜಿನ್ ನಂಬರಿನ ಸಾಲು ಎರಡೂ ಜೊತೆಜೊತೆಗೆ ಓಡಲಿಲ್ಲ.

ಪ್ರಶ್ನೆ: ನನ್ನ ಹಳೇ ಕಾರಿಗೆ ವಿಂಟೇಜ್ ರಿಜಿಸ್ಟ್ರೇಷನ್ ಮಾಡಿಸಬೇಕು. ಎಂಜಿನ್ ಬದಲಾಗಿದ್ದರೆ ತೊಂದರೆಯೇ?
(ಓದುಗರು, ಹುಬ್ಬಳ್ಳಿ)

ಉತ್ತರ: ಆಗಬಹುದು. 2021ರ ಕೇಂದ್ರ ನಿಯಮದ ಪ್ರಕಾರ ಕಾರಿಗೆ 50 ವರ್ಷ ದಾಟಿರಬೇಕು, ಮೂಲ ರೂಪದಲ್ಲೇ ಇರಬೇಕು. ಚಾಸಿ, ಬಾಡಿ, ಎಂಜಿನ್ನಿನಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಹೊಸ ರಿಜಿಸ್ಟ್ರೇಷನ್‌ಗೆ ಶುಲ್ಕ 20,000 ರೂಪಾಯಿ, 10 ವರ್ಷ ನಡೆಯುತ್ತದೆ. ಈಗಾಗಲೇ ರಿಜಿಸ್ಟರ್ ಆಗಿರುವ ಕಾರಾದರೆ ಹಳೇ ನಂಬರನ್ನೇ ಉಳಿಸಿಕೊಳ್ಳಬಹುದು. ವಿಂಟೇಜ್ ಆದ ಮೇಲೆ ದಿನಾ ಆಫೀಸಿಗೆ ಓಡಿಸುವಂತಿಲ್ಲ. ಅರ್ಜಿ ಹಾಕುವ ಮುಂಚೆ ಎಂಜಿನ್ ಬದಲಿಸಿದ ಕಾಗದಗಳನ್ನು ಜೋಡಿಸಿಟ್ಟುಕೊಳ್ಳಿ, ಇನ್ಸ್‌ಪೆಕ್ಟರ್ ಮೊದಲು ಕೇಳುವುದೇ ಅದನ್ನು.