ಲೈಸಿಸ್ಟ್ರಾಟ ಆಡಬಹುದಾ ಅಂತ ಕೇಳಿದವರಿಗೆ

ನಮಸ್ಕಾರ. ನೀವು ಕೇಳಿದ್ದು ಇಷ್ಟು: ಹತ್ತು ಹನ್ನೆರಡು ಜನರ ಹವ್ಯಾಸಿ ತಂಡ, ಒಂದು ಗ್ರೀಕ್ ಹಾಸ್ಯನಾಟಕ ಆಡುವ ಆಸೆ, ಅರಿಸ್ಟೊಫನೀಸನ ‘ಲೈಸಿಸ್ಟ್ರಾಟ’ ಮನಸ್ಸಿನಲ್ಲಿದೆ. ಆದರೆ ಅದು ಬರೀ ಪೋಲಿ ನಾಟಕ ಅಲ್ವಾ, ಮನೆಮಂದಿ ಎದುರು ಆಡೋಕಾಗುತ್ತಾ ಅಂತ ಅಳುಕು. ಜನ ನಗಲಿ ಅಂತ ನಮ್ಮ ಕಡೆಯ ರಾಜಕಾರಣಿಗಳ ಹೆಸರು ಸೇರಿಸೋಣವಾ ಅಂತಲೂ ಕೇಳಿದ್ದೀರಿ.

ಖಂಡಿತ ಆಡಿ. ಹೆಸರು ಮಾತ್ರ ಸೇರಿಸಬೇಡಿ. ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ.

ಮೊದಲ ಓದಿಗೆ ಕೂರುವಾಗಲೇ ನಟರಿಗೆ ಇಸವಿ ಹೇಳಿಬಿಡಿ. ನಾಟಕ ಕ್ರಿ.ಪೂ. 411ರದ್ದು. ಅಥೆನ್ಸ್ ಮತ್ತು ಸ್ಪಾರ್ಟಾ ನಡುವಿನ ಯುದ್ಧ ಶುರುವಾಗಿದ್ದು 431ರಲ್ಲಿ. 413ರಲ್ಲಿ ಸಿಸಿಲಿಗೆ ಹೋದ ಅಥೆನ್ಸಿನ ದೊಡ್ಡ ಸೇನೆ ಅಲ್ಲೇ ನಾಶವಾಯಿತು. ಅಂದರೆ ಎರಡೇ ವರ್ಷದ ಹಿಂದೆ ಮಗನನ್ನೋ ಅಣ್ಣನನ್ನೋ ಕಳೆದುಕೊಂಡವರು ಎಷ್ಟೋ ಜನ ಪ್ರೇಕ್ಷಕರಲ್ಲಿದ್ದರು. ಇನ್ನೊಂದು ವಿಷಯ. ಯುದ್ಧದ ಮೊದಲ ವರ್ಷವೇ ಅಥೆನ್ಸಿನವರು ತೀರಾ ಕಷ್ಟಕ್ಕೆ ಅಂತ 1000 ಟ್ಯಾಲೆಂಟ್ (ಬೆಳ್ಳಿಯ ತೂಕದಲ್ಲಿ ದೊಡ್ಡ ಮೊತ್ತ ಎಣಿಸುವ ಆಗಿನ ಅಳತೆ) ಹಣ ತೆಗೆದಿಟ್ಟಿದ್ದರು. ಅದಕ್ಕೂ 412ರಲ್ಲಿ ಕೈ ಹಾಕಬೇಕಾಯಿತು.

ಇದು ಗೊತ್ತಿದ್ದರೆ ಕಥೆಯ ಅರ್ಧ ಭಾಗ ಬೇರೆಯೇ ಆಗಿ ಕಾಣುತ್ತದೆ. ಲೈಸಿಸ್ಟ್ರಾಟ ಎಂಬಾಕೆಯ ಮಾತಿನಂತೆ ಹೆಂಗಸರು, ಯುದ್ಧ ನಿಲ್ಲುವವರೆಗೆ ಗಂಡಂದಿರ ಜೊತೆ ಮಲಗುವುದಿಲ್ಲ ಅಂತ ಶಪಥ ಮಾಡುವುದು ಎಲ್ಲರಿಗೂ ಗೊತ್ತು. ಆದರೆ ಅದೇ ಹೊತ್ತಿಗೆ ವಯಸ್ಸಾದ ಹೆಂಗಸರು ಅಕ್ರೊಪೊಲಿಸ್ ಗುಡ್ಡವನ್ನು ವಶಮಾಡಿಕೊಳ್ಳುತ್ತಾರೆ. ಊರಿನ ಖಜಾನೆ ಇದ್ದದ್ದು ಅಲ್ಲೇ. ಹಾಸಿಗೆಯೂ ಬಂದ್, ದುಡ್ಡೂ ಬಂದ್. ಚಿಕ್ಕದು ಮಾಡುವ ಭರದಲ್ಲಿ ಈ ಖಜಾನೆಯ ಎಳೆಯನ್ನು ಕತ್ತರಿಸಬೇಡಿ. ಅದು ಹೋದರೆ ಉಳಿಯುವುದು ನೀವು ಹೆದರುತ್ತಿರುವ ಪೋಲಿ ನಾಟಕವೇ.

ನನ್ನ ಪ್ರಕಾರ ನಾಟಕದ ಜೀವ ಇರುವುದು ಅಧಿಕಾರಿಯ ದೃಶ್ಯದಲ್ಲಿ. ಸಿಸಿಲಿಯ ಸೋಲಿನ ನಂತರ ಅಥೆನ್ಸ್ ನೇಮಿಸಿದ ಹತ್ತು ಹಿರಿಯರಲ್ಲಿ ಇವನೊಬ್ಬ. ಹಡಗಿನ ಹುಟ್ಟುಗಳಿಗೆ ದುಡ್ಡು ಬೇಕು ಅಂತ ಖಜಾನೆಗೆ ಬಂದಿದ್ದಾನೆ. ಬಾಗಿಲು ಹಾಕಿದೆ. ರಾಜ್ಯ ನಡೆಸೋದು ನಿಮಗೇನು ಗೊತ್ತು ಅಂತ ಕೇಳುತ್ತಾನೆ. ಉಣ್ಣೆ ನೂಲುವ ಹಾಗೆ ನಡೆಸುತ್ತೇವೆ ಅನ್ನುತ್ತಾಳೆ ಲೈಸಿಸ್ಟ್ರಾಟ. ಮೊದಲು ಜಿಡ್ಡು ತೊಳೆಯಬೇಕು. ಅಂಟಿಕೊಂಡ ಮುಳ್ಳು ಆರಿಸಿ ಬಿಸಾಡಬೇಕು. ಅಧಿಕಾರಕ್ಕಾಗಿ ಗಂಟುಕಟ್ಟಿಕೊಂಡವರನ್ನು ಹಿಂಜಿ ಬಿಡಿಸಬೇಕು. ಆಮೇಲೆ ಊರಿನವರು, ಹೊರಗಿಂದ ಬಂದು ನೆಲೆಸಿದವರು, ದೂರದ ವಸಾಹತಿನವರು ಎಲ್ಲರನ್ನೂ ಒಂದೇ ಬುಟ್ಟಿಗೆ ಹಾಕಿ, ದೊಡ್ಡ ಉಂಡೆ ಮಾಡಿ, ಜನರಿಗೆ ಒಂದು ಹೊದಿಕೆ ನೇಯಬೇಕು. ಈ ಮಾತಿಗೆ ನಿಜವಾದ ಉಣ್ಣೆಯನ್ನೇ ಕೈಗೆ ಕೊಡಿ. ಮೈಮ್ ಬೇಡ. ನಟಿ ಮಾತಾಡುತ್ತಾ ಹಿಂಜುತ್ತಲೇ ಇರಲಿ.

ಅದರ ಬೆನ್ನಿಗೇ ಅವಳು ಇನ್ನೊಂದು ಮಾತು ತೆಗೆಯುತ್ತಾಳೆ: ಗಂಡುಮಕ್ಕಳನ್ನು ಹೆತ್ತು ಯುದ್ಧಕ್ಕೆ ಕಳಿಸುವವರು ನಾವು. ಅಧಿಕಾರಿ ತಕ್ಷಣ ತಡೆಯುತ್ತಾನೆ, ಸುಮ್ಮನಿರು, ಆ ನೋವು ಕೆದಕಬೇಡ ಅನ್ನುತ್ತಾನೆ. ಸಿಸಿಲಿ ಅನ್ನುವ ಹೆಸರೂ ಬೇಕಿಲ್ಲ ಅಲ್ಲಿ. ಆಮೇಲೆ ಮದುವೆಯಾಗದೆ ಮನೆಯಲ್ಲೇ ವಯಸ್ಸಾಗುತ್ತಿರುವ ಹುಡುಗಿಯರ ಮಾತು ಬರುತ್ತದೆ. ಗಂಡಸರಿಗೂ ವಯಸ್ಸಾಗಲ್ವಾ ಅನ್ನುತ್ತಾನೆ ಇವನು. ತಲೆ ನರೆತು ಬಂದ ಗಂಡಸಿಗೂ ಹುಡುಗಿ ಸಿಗುತ್ತಾಳೆ, ಹೆಣ್ಣಿನ ಕಾಲ ಬೇಗ ಮುಗಿಯುತ್ತದೆ ಅನ್ನುತ್ತಾಳೆ ಅವಳು. ಇಲ್ಲಿ ಸಂಗೀತ ಹಾಕಬೇಡಿ. ನಗು ತಾನಾಗಿ ನಿಲ್ಲಲಿ, ಎರಡು ಕ್ಷಣ ಬಿಟ್ಟು ಮುಂದೆ ಹೋಗಿ.

ಇನ್ನು ಪೋಲಿತನದ ಪ್ರಶ್ನೆ. ಆಗ ಹೆಣ್ಣಿನ ಪಾತ್ರವನ್ನೂ ಗಂಡಸರೇ ಮಾಡುತ್ತಿದ್ದರು. ಮುಖವಾಡ, ಒಳಗೆ ತುಂಬಿಸಿ ಉಬ್ಬಿಸಿದ ವೇಷ, ಗಂಡಸಿನ ಪಾತ್ರಕ್ಕೆ ಚರ್ಮದ ಲಿಂಗ. ಎಲ್ಲವೂ ಎದ್ದು ಕಾಣುವ ವೇಷವೇ. ಆದ್ದರಿಂದ ಕೊನೆಯ ಕಡೆ ಬರುವ ‘ರಾಜಿ’ ಎಂಬ ಬೆತ್ತಲೆ ಹೆಣ್ಣಿನ ಪಾತ್ರವನ್ನು ನಿಮ್ಮ ತಂಡದ ಹುಡುಗಿಗೆ ಕೊಡಬೇಡಿ. ಅವಳ ಮೈಯನ್ನೇ ನಕ್ಷೆ ಮಾಡಿಕೊಂಡು ಅಥೆನ್ಸ್, ಸ್ಪಾರ್ಟಾ ಎರಡೂ ಕಡೆಯ ಗಂಡಸರು ಜಾಗಕ್ಕೆ ಚೌಕಾಸಿ ಮಾಡುತ್ತಾರೆ. ದೊಡ್ಡದೊಂದು ಬಟ್ಟೆಯ ಗೊಂಬೆ ಸಾಕು.

ಶಪಥ ಮಾಡಿದವರಲ್ಲಿ ಒಬ್ಬಳಾದ ಮಿರಿನಿ ಮತ್ತು ಅವಳ ಗಂಡ ಕಿನೇಸಿಯಸನ ದೃಶ್ಯ ಮಾತ್ರ ಬಿಡಲೇಬಾರದು. ಅವನು ಆಳಿನ ಕೈಯಲ್ಲಿ ಕೂಸನ್ನು ಎತ್ತಿಸಿಕೊಂಡು ಬರುತ್ತಾನೆ. ಆರು ದಿನದಿಂದ ಮಗುವಿಗೆ ಸ್ನಾನವಿಲ್ಲ, ಹಾಲಿಲ್ಲ. ಅವಳು ಬರುತ್ತಾಳೆ, ಒಪ್ಪಿದ ಹಾಗೆ ಮಾಡುತ್ತಾಳೆ. ಇರಿ, ಮಂಚ ತರುತ್ತೇನೆ. ಇರಿ, ಚಾಪೆ. ದಿಂಬು. ಹೊದಿಕೆ. ಸುಗಂಧ. ಅಯ್ಯೋ, ಬೇರೆ ಸುಗಂಧ ತಂದೆ, ಇರಿ. ಕೊನೆಗೆ ಓಡಿಹೋಗುತ್ತಾಳೆ. ಇಲ್ಲಿ ನಗು ಹುಟ್ಟುವುದು ಕಾಯಿಸುವುದರಿಂದ, ಸನ್ನೆಗಳಿಂದ ಅಲ್ಲ. ಓಡಾಟದ ಲಯ ಕೂರುವವರೆಗೆ ತಾಲೀಮು ಮಾಡಿ. ಇದೇ ಕಿನೇಸಿಯಸ್ ಮೊದಲಿಗೆ ಒಂದು ಮಾತು ಹೇಳುತ್ತಾನೆ: ಅವಳು ಹೋದಮೇಲೆ ಮನೆಯೊಳಗೆ ಕಾಲಿಡಲು ಸಂಕಟ, ಎಲ್ಲ ಖಾಲಿ ಅನಿಸುತ್ತದೆ, ಊಟ ರುಚಿಸುವುದಿಲ್ಲ. ನಟ ಇದನ್ನು ತಮಾಷೆ ಮಾಡದೆ ಹೇಳಲಿ. ಊರಿಗೆಲ್ಲ ಹೆಂಗಸರು ಇದ್ದರೂ ಅವನಿಗೆ ಬೇಕಾಗಿರುವುದು ಮಿರಿನಿಯೇ. ಪ್ರೀತಿ ಇಲ್ಲದಿದ್ದರೆ ಆ ಮುಷ್ಕರಕ್ಕೆ ಬಲವೇ ಇರುತ್ತಿರಲಿಲ್ಲ.

ರಾಜಕಾರಣಿಗಳ ಹೆಸರಿನ ವಿಷಯಕ್ಕೆ ಬರುತ್ತೇನೆ. ಅರಿಸ್ಟೊಫನೀಸ್ ಹೆಸರು ಹಿಡಿದೇ ಬೈಯುತ್ತಿದ್ದ, ನಿಜ. 424ರ ‘ಕುದುರೆ ಸವಾರರು’ ನಾಟಕದಲ್ಲಿ ಕ್ಲಿಯೊನ್ ಎಂಬ ನಾಯಕನನ್ನು ಯಜಮಾನನಿಗೆ ಬೆಣ್ಣೆ ಹಚ್ಚುವ ಆಳಾಗಿ ತೋರಿಸಿದ. ಮೊದಲ ಬಹುಮಾನವೂ ಬಂತು. ಕೆಲವೇ ವಾರದಲ್ಲಿ ಅದೇ ಜನ ಅದೇ ಕ್ಲಿಯೊನನನ್ನು ಸೇನಾಪತಿಯಾಗಿ ಆರಿಸಿದರು! ಇವತ್ತು ಆ ನಾಟಕ ಓದಲು ಪುಟಪುಟಕ್ಕೂ ಟಿಪ್ಪಣಿ ಬೇಕು. ಉಣ್ಣೆಯ ಮಾತಿಗೆ, ದಿಂಬಿನ ದೃಶ್ಯಕ್ಕೆ ಯಾವ ಟಿಪ್ಪಣಿಯೂ ಬೇಡ. ನೀವು ಒಬ್ಬ ನಾಯಕನ ಹೆಸರು ಹಾಕಿದರೆ ಜನ ಮಾರನೇ ದಿನ ಅದೊಂದನ್ನೇ ಮಾತಾಡುತ್ತಾರೆ. ದುಡ್ಡು ಕೇಳಿಕೊಂಡು ಬಂದು ಬುದ್ಧಿ ಹೇಳಿಸಿಕೊಳ್ಳುವ ಆ ಅಧಿಕಾರಿಯನ್ನು ಚೆನ್ನಾಗಿ ಆಡಿ, ಯಾರ್ಯಾರು ನೆನಪಾಗಬೇಕೋ ಅವರು ನೆನಪಾಗುತ್ತಾರೆ.

ಪ್ರೇಕ್ಷಕರಲ್ಲಿ ರೈತರೇ ಜಾಸ್ತಿ ಇದ್ದರೆ 421ರ ‘ಶಾಂತಿ’ ನಾಟಕವನ್ನೂ ಒಮ್ಮೆ ನೋಡಿ. ದ್ರಾಕ್ಷಿ ಬೆಳೆಯುವ ಟ್ರೈಜಿಯಸ್ ಸಗಣಿಹುಳದ ಮೇಲೆ ಕೂತು ಸ್ವರ್ಗಕ್ಕೆ ಹಾರಿ, ಗುಂಡಿಯಲ್ಲಿ ಹೂತಿಟ್ಟ ಶಾಂತಿದೇವಿಯನ್ನು ಎಳೆದು ತೆಗೆಸುತ್ತಾನೆ. ಸರಿಯಾಗಿ ಹಗ್ಗ ಎಳೆಯುವವರು ರೈತರು ಮಾತ್ರ. ಆಮೇಲೆ ಕುಡುಗೋಲು ಮಾಡುವವನು ಕುಣಿಯುತ್ತಾ ಬರುತ್ತಾನೆ, ಅವನ ಸರಕಿಗೆ ಈಗ 50 ದ್ರಾಕ್ಮಾ (ಗ್ರೀಕರ ಬೆಳ್ಳಿ ನಾಣ್ಯ) ಬೆಲೆ. ಈಟಿ ಮಾರುವವನು ಅಳುತ್ತಾ ಬರುತ್ತಾನೆ. ಈಟಿಯನ್ನು ಎರಡು ತುಂಡು ಮಾಡಿದರೆ ದ್ರಾಕ್ಷಿ ಬಳ್ಳಿಗೆ ಊರುಗೋಲಾಗುತ್ತದೆ, ದ್ರಾಕ್ಮಾಕ್ಕೆ ನೂರರಂತೆ ಕೊಡು ಅನ್ನುತ್ತಾನೆ ಟ್ರೈಜಿಯಸ್. ಆದರೆ ಹುಳ ಹಾರಿಸುವ ರಂಗಸಜ್ಜಿಕೆಗೆ ಖರ್ಚಿದೆ, ಯೋಚಿಸಿ.

ಲೈಸಿಸ್ಟ್ರಾಟವೇ ಆದರೆ ಕೆಲಸದ ಲೆಕ್ಕ ಹೀಗಿರಲಿ. ಮೂಲದಲ್ಲಿ ಮೇಳಕ್ಕೆ, ಅಂದರೆ ಹಾಡಿ ಕುಣಿಯುವ ಗುಂಪಿಗೆ, 24 ಜನ, ಅರ್ಧ ಮುದುಕರು, ಅರ್ಧ ಮುದುಕಿಯರು. ನಿಮಗೆ ನಾಲ್ಕು ನಾಲ್ಕು ಸಾಕು, ಅವರಲ್ಲೇ ಕೆಲವರು ಸಣ್ಣ ಪಾತ್ರಗಳನ್ನೂ ಮಾಡಲಿ. ಒಂದೂವರೆ ಗಂಟೆಗೆ ಇಳಿಸಿ. ಯಾರಿಗೂ ಗೊತ್ತಿಲ್ಲದ ಅಥೆನ್ಸಿನ ಹೆಸರುಗಳನ್ನು ಸುಮ್ನೆ ತೆಗೆದುಹಾಕಿ. ಸ್ಪಾರ್ಟಾದವರು ಮೂಲದಲ್ಲಿ ಬೇರೆ ಉಪಭಾಷೆ ಮಾತಾಡುತ್ತಾರೆ. ಅಲ್ಲಿಂದ ಬಂದ ಹೆಂಗಸು ಲ್ಯಾಂಪಿಟೊಗೆ ಬೇರೊಂದು ಕಡೆಯ ಕನ್ನಡ ಕೊಡಬಹುದು, ಆದರೆ ಅದನ್ನು ಆಡಿಕೊಳ್ಳುವ ಹಾಗೆ ಮಾಡಬೇಡಿ. ಯಾಕೆಂದರೆ ಕೊನೆಯಲ್ಲಿ ಸ್ಪಾರ್ಟಾದವನು ಅದೇ ಮಾತಿನಲ್ಲಿ ಹಾಡುತ್ತಾನೆ, ಯುದ್ಧ ಇನ್ನೂ ನಡೆಯುತ್ತಿರುವಾಗ, ಅಥೆನ್ಸಿನ ಜನರ ಎದುರು. ಆ ಹಾಡಿಗೆ ನಿಮ್ಮಲ್ಲಿ ಅತ್ಯಂತ ಚೆನ್ನಾಗಿ ಹಾಡುವವರನ್ನೇ ಈಗಲೇ ಗೊತ್ತುಮಾಡಿ, ಉಳಿದ ಪಾತ್ರ ಹಂಚಿಕೆ ಆಮೇಲೆ.