ಇಂಗ್ಲೆಂಡಿನ ಹಳೆಯ ಕಡತಗಳಲ್ಲಿ ಒಂದು ಮನೆತನದ ಹೆಸರು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನ್ನ ತಾಯಿಯ ಮನೆತನದ ಹೆಸರು ಅಟ್‌ವುಡ್. ತಾಯಿಯ ಮುತ್ತಜ್ಜ ಬ್ರಿಟಿಷ್ ಸೈನ್ಯದ ಜೊತೆ ಬೆಂಗಳೂರಿನ ದಂಡಿಗೆ ಬಂದವರು. ಇಲ್ಲೇ ಮದುವೆಯಾಗಿ ಇಲ್ಲೇ ಮಣ್ಣಾದರು. ಈಚೆಗೆ ನಮ್ಮ ಸಂಬಂಧಿಕರೊಬ್ಬರು ಹಣ ಕೊಟ್ಟು ಒಂದು ವಂಶವೃಕ್ಷ ಬರೆಸಿ ತಂದಿದ್ದಾರೆ. ಅದರ ಪ್ರಕಾರ ನಮ್ಮ ಮೂಲಪುರುಷ 13ನೇ ಶತಮಾನದಲ್ಲಿ ಸರ್ರೆ ಕೌಂಟಿಯಲ್ಲಿದ್ದ ಒಬ್ಬ ದೊಡ್ಡ ಭೂಮಾಲೀಕ. ಮನೆತನದ ಹೆಸರು ಡೂಮ್ಸ್‌ಡೇ ಪುಸ್ತಕದಲ್ಲಿಯೂ ಇದೆಯಂತೆ. ನಮಗೆ ಒಂದು ಲಾಂಛನವೂ ಇದೆಯಂತೆ. ಇದನ್ನು ನಂಬಬಹುದೆ? ನಾವೇ ಪರೀಕ್ಷಿಸುವುದಾದರೆ ಎಲ್ಲಿಂದ ಆರಂಭಿಸಬೇಕು?
– ಓದುಗರೊಬ್ಬರು, ಕಾಕ್ಸ್ ಟೌನ್, ಬೆಂಗಳೂರು

ಉತ್ತರ: ಆ ವಂಶವೃಕ್ಷವನ್ನು ಸದ್ಯಕ್ಕೆ ಪಕ್ಕಕ್ಕೆ ಇಡಿ. ನಮ್ಮ ಊರಿನಲ್ಲಿ ಒಂದು ನಿವೇಶನ ಕೊಳ್ಳುವಾಗ, ಮಾರುವವರು ತೋರಿಸಿದ ವಂಶವೃಕ್ಷವೊಂದನ್ನೇ ನೋಡಿ ಯಾವ ಒಳ್ಳೆಯ ವಕೀಲರೂ ಸಮಾಧಾನಪಡುವುದಿಲ್ಲ. ಮೂಲಪತ್ರ ಎಲ್ಲಿದೆ, ಖಾತೆ ಯಾರಿಂದ ಯಾರಿಗೆ ಬದಲಾಯಿತು, ಆ ವರ್ಷದ ಪಹಣಿಯಲ್ಲಿ ಯಾರ ಹೆಸರಿತ್ತು ಎಂದು ಒಂದೊಂದು ಕೊಂಡಿಯನ್ನೂ ಅವರು ಕೇಳುತ್ತಾರೆ. ಇಂಗ್ಲೆಂಡಿನ ಮಧ್ಯಯುಗದ ದಾಖಲೆಗಳ ಮುಂದೆ ಕುಳಿತಾಗಲೂ ಕೇಳಬೇಕಾದ ಪ್ರಶ್ನೆಗಳು ಇವೇ. ಹೆಸರು ಸಿಕ್ಕಿತು ಎಂಬ ಮಾತ್ರಕ್ಕೆ ಪೂರ್ವಿಕ ಸಿಕ್ಕಿದಂತಲ್ಲ. ಆ ಹೆಸರಿನವನ ಕೈಯಲ್ಲಿದ್ದ ನೆಲ ಮುಂದೆ ಯಾರ ಕೈಗೆ ಹೋಯಿತು ಎಂಬುದನ್ನು ತಲೆಮಾರಿನಿಂದ ತಲೆಮಾರಿಗೆ ಹಿಡಿದುಕೊಂಡು ಬಂದಾಗ ಮಾತ್ರ ಸಂಬಂಧ ಸ್ಥಾಪಿತವಾಗುತ್ತದೆ.

ನಿಮ್ಮ ತಾಯಿಯ ಮನೆತನದ ಹೆಸರಿನ ಅರ್ಥವೇ ಇಲ್ಲಿ ಮುಖ್ಯ. ಮಧ್ಯಯುಗದ ಇಂಗ್ಲಿಷಿನಲ್ಲಿ ‘ಅಟ್ಟೆ ವೋಡ್’ ಎಂದರೆ ಕಾಡಿನ ಬಳಿ ಇರುವವನು ಎಂದಷ್ಟೇ ಅರ್ಥ. ಕಾಡು ಇಲ್ಲದ ಊರು ಆ ಕಾಲದ ದಕ್ಷಿಣ ಇಂಗ್ಲೆಂಡಿನಲ್ಲಿ ಅಪರೂಪ. ಆದ್ದರಿಂದ ಒಂದಕ್ಕೊಂದು ಸಂಬಂಧವೇ ಇಲ್ಲದ ಹಲವಾರು ಕುಟುಂಬಗಳಿಗೆ ಈ ಹೆಸರು ಬೇರೆ ಬೇರೆಯಾಗಿ ಅಂಟಿಕೊಂಡಿತು. ಉತ್ತರ ಕರ್ನಾಟಕದಲ್ಲಿ ಬಡಿಗೇರ, ಕಮ್ಮಾರ, ಕುಂಬಾರ ಎಂಬ ಅಡ್ಡಹೆಸರಿನವರೆಲ್ಲರೂ ಒಂದೇ ಮನೆಯಿಂದ ಬಂದವರೆಂದು ನಾವು ಹೇಳುತ್ತೇವೆಯೆ? ಇದೂ ಹಾಗೆಯೇ. ಇದರ ಮೇಲೆ ಇನ್ನೊಂದು ತೊಡಕು ಇದೆ. ನ್ಯಾಯಾಲಯದ ಗುಮಾಸ್ತರು ಬರೆಯುತ್ತಿದ್ದುದು ಲ್ಯಾಟಿನ್ನಿನಲ್ಲಿ. ಅಟ್ಟೆ ವೋಡ್ ಎಂದು ಊರಿನವರು ಕರೆಯುತ್ತಿದ್ದವನನ್ನು ಅವರು ‘ಡಿ ಬಾಸ್ಕೊ’ ಎಂದು ಬರೆದರು. ವುಡ್ ಎಂಬವನನ್ನೂ, ಫ್ರೆಂಚ್ ರೂಪದ ಬಾಯ್ಸ್ ಎಂಬವನನ್ನೂ ಅದೇ ಪದದಿಂದಲೇ ಬರೆದರು. ಕಮ್ಮಾರನನ್ನು ‘ಫಾಬರ್’ ಎಂದೂ, ಗಿರಣಿಯವನನ್ನು ‘ಮೊಲೆಂಡಿನಾರಿಯಸ್’ ಎಂದೂ ಬರೆದಾಗ ಅದು ಕಸುಬನ್ನು ಹೇಳುತ್ತಿದೆಯೆ ಅಥವಾ ಮನೆತನದ ಹೆಸರನ್ನು ಹೇಳುತ್ತಿದೆಯೆ ಎಂಬುದು ಆ ಒಂದು ಸಾಲಿನಿಂದ ತಿಳಿಯುವುದಿಲ್ಲ.

ಇನ್ನು ಡೂಮ್ಸ್‌ಡೇ ಪುಸ್ತಕದ ಮಾತು. ಒಂದನೇ ವಿಲಿಯಂ 1085ರ ಕ್ರಿಸ್‌ಮಸ್ ಸಮಯದಲ್ಲಿ ಗ್ಲಾಸ್ಟರ್‌ನಲ್ಲಿ ಆದೇಶಿಸಿ 1086ರಲ್ಲಿ ನಡೆಸಿದ ಆ ಸಮೀಕ್ಷೆ ಭೂಮಿ ಯಾರದು, ಅದರಿಂದ ಬರುವ ಹುಟ್ಟುವಳಿ ಎಷ್ಟು ಎಂಬುದನ್ನು ತಿಳಿಯಲು ಮಾಡಿದ್ದು. ಒಡೆಯರ ಹೆಸರು ಅದರಲ್ಲಿದೆ. ಉತ್ತವರನ್ನು ತಲೆಯೆಣಿಕೆಯಲ್ಲಿ ಸೇರಿಸಿದೆಯೇ ಹೊರತು ಹೆಸರಿಸಿಲ್ಲ. ಹೆಸರಿಸಿದವರಿಗೂ ಇಂದಿನ ಅರ್ಥದ ಮನೆತನದ ಹೆಸರು ಇದ್ದುದು ಬಹಳ ಕಡಿಮೆ. ತಂದೆಯ ಹೆಸರು ಮಗನಿಗೂ ಮೊಮ್ಮಗನಿಗೂ ಹಾಗೆಯೇ ಇಳಿದುಬರುವ ರೂಢಿ ಸಾಮಾನ್ಯ ಜನರಲ್ಲಿ ನೆಲೆಗೊಂಡದ್ದು ದಕ್ಷಿಣದಲ್ಲಿ ಬಹುಮಟ್ಟಿಗೆ 14ನೇ ಶತಮಾನದ ನಡುವಿನ ಹೊತ್ತಿಗೆ, ಉತ್ತರದಲ್ಲಿ ಇನ್ನೂ ತಡವಾಗಿ. ಯಾರ್ಕ್‌ಷೈರಿನ 1379ರ ತಲೆಗಂದಾಯದ ಪಟ್ಟಿಗಳಲ್ಲಿ ‘ಜಾನನ ಮಗಳು ಇಸಬೆಲ್ಲಾ’ ಎಂಬ ಬಗೆಯ, ಒಂದು ತಲೆಮಾರಿಗೆ ಮಾತ್ರ ನಿಲ್ಲುವ ಹೆಸರುಗಳು ಇನ್ನೂ ಕಾಣುತ್ತವೆ. ಹಳೆಯ ಮೈಸೂರಿನವರಾದ ನಮಗೆ ಇದು ವಿಚಿತ್ರವೆನಿಸಬಾರದು. ಊರಿನ ಹೆಸರನ್ನೂ ತಂದೆಯ ಹೆಸರನ್ನೂ ಇನಿಷಿಯಲ್ ಮಾಡಿಕೊಂಡು ಪ್ರತಿ ತಲೆಮಾರಿಗೂ ಬದಲಾಯಿಸುತ್ತಾ ಬಂದವರು ನಾವು. ಲಾಂಛನದ ವಿಷಯವನ್ನು ಒಂದೇ ವಾಕ್ಯದಲ್ಲಿ ಮುಗಿಸಬಹುದು: ಇಂಗ್ಲೆಂಡಿನಲ್ಲಿ ಲಾಂಛನವನ್ನು ಕೊಡುವುದು ಒಬ್ಬ ವ್ಯಕ್ತಿಗೆ ಮತ್ತು ಅವನ ವಂಶಸ್ಥರಿಗೆ, ಒಂದು ಹೆಸರಿಗಲ್ಲ.

ಆರಂಭಿಸಬೇಕಾದದ್ದು ಸರ್ರೆಯಿಂದಲ್ಲ, ಬೆಂಗಳೂರಿನಿಂದ. ದಂಡು ನೆಲೆಗೊಂಡದ್ದು 1809ರಲ್ಲಿ. ಇಲ್ಲಿನ ಆಂಗ್ಲಿಕನ್ ಚರ್ಚುಗಳ ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರದ ವಿವರಗಳ ಪ್ರತಿಗಳು ಮದರಾಸು ಪ್ರೆಸಿಡೆನ್ಸಿಯ ಲೆಕ್ಕಕ್ಕೆ ಸೇರಿ ಲಂಡನ್ನಿಗೆ ಹೋದವು. ಅವು ಇಂದು ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿವೆ. ನಿಮ್ಮ ಪೂರ್ವಿಕರು ಪಿಂಚಣಿ ಪಡೆದು ಬಿಡುಗಡೆಯಾದ ರಾಜಸೇನೆಯ ಸಿಪಾಯಿಯಾಗಿದ್ದರೆ, ಕ್ಯೂ ಎಂಬಲ್ಲಿರುವ ಬ್ರಿಟನ್ನಿನ ರಾಷ್ಟ್ರೀಯ ದಾಖಲೆಗಳ ಸಂಗ್ರಹದಲ್ಲಿ, ಡಬ್ಲ್ಯುಓ 97 ಎಂಬ ಸರಣಿಯಲ್ಲಿ, ಅವರು ಹುಟ್ಟಿದ ಪ್ಯಾರಿಷ್, ಅಂದರೆ ಒಂದು ಚರ್ಚಿನ ವ್ಯಾಪ್ತಿಯ ಊರು, ಯಾವುದೆಂದು ಬರೆದಿರುವ ಕಾಗದ ಸಿಗುವ ಸಂಭವವಿದೆ. ಕಂಪನಿಯ ಸೇನೆಯವರಾಗಿದ್ದರೆ ಮತ್ತೆ ಬ್ರಿಟಿಷ್ ಲೈಬ್ರರಿಯೇ ಗತಿ. ಆ ಪ್ಯಾರಿಷ್ ಗೊತ್ತಾದ ಮೇಲೆ ಅಲ್ಲಿಂದ ಹಿಂದಕ್ಕೆ ಹೋಗಬೇಕು. ಎಂಟನೇ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ 1538ರಲ್ಲಿ ಆದೇಶಿಸಿದ ಪ್ಯಾರಿಷ್ ರಿಜಿಸ್ಟರುಗಳು ಉಳಿದಿರುವಷ್ಟು ದೂರ ನಿಮ್ಮನ್ನು ಕರೆದೊಯ್ಯುತ್ತವೆ. ಈ ನಡುವಿನ ಮುನ್ನೂರು ವರ್ಷಗಳ ಕೊಂಡಿಗಳನ್ನು ಬಿಟ್ಟು ನೇರವಾಗಿ 13ನೇ ಶತಮಾನಕ್ಕೆ ಹಾರಿದ ಯಾವ ವಂಶವೃಕ್ಷವನ್ನೂ ನಾನು ಒಪ್ಪಲಾರೆ.

1538ಕ್ಕಿಂತ ಹಿಂದೆ, ಸಾಮಾನ್ಯ ಒಕ್ಕಲಿನ ಮನೆತನವೊಂದಕ್ಕೆ ಅತ್ಯಂತ ಹೆಚ್ಚು ಬೆಳಕು ಕೊಡುವುದು ಮ್ಯಾನರ್ ನ್ಯಾಯಾಲಯಗಳ ಸುರುಳಿಗಳು. ಮ್ಯಾನರ್ ಎಂದರೆ ಒಬ್ಬ ಒಡೆಯನ ಅಧೀನದಲ್ಲಿದ್ದ ಜಮೀನು ಮತ್ತು ಒಕ್ಕಲುಗಳ ಘಟಕ. ಅಲ್ಲಿನ ರೂಢಿಯಂತೆ ಜಮೀನು ಹಿಡಿದ ಒಕ್ಕಲೊಬ್ಬ ಸತ್ತನೆಂದರೆ ಮುಂದಿನ ಕೂಟದಲ್ಲಿ ಅದನ್ನು ಬರೆಯುತ್ತಿದ್ದರು: ಇಂಥವನು ಸತ್ತ, ಅವನ ಕೈಯಲ್ಲಿ ಇಷ್ಟು ಎಕರೆ ಇತ್ತು, ಒಡೆಯನಿಗೆ ಸಲ್ಲಬೇಕಾದ ‘ಹೆರಿಯಟ್’ ಎಂದು ಅವನ ಕೊಟ್ಟಿಗೆಯ ಅತ್ಯುತ್ತಮ ದನವನ್ನು ಪಡೆಯಲಾಯಿತು, ಅವನ ಮಗ ಇಂಥವನು ಬಂದು ಪ್ರವೇಶದ ಹಣ ಕೊಟ್ಟು ಜಮೀನನ್ನು ವಹಿಸಿಕೊಂಡ. ಆ ನಮೂದಿನ ಒಂದು ಪ್ರತಿಯನ್ನು ಒಕ್ಕಲಿಗೆ ಕೊಡುವ ಪದ್ಧತಿ ಮುಂದೆ ಬೆಳೆಯಿತು. ಆ ಪ್ರತಿಯೇ ಹಕ್ಕುಪತ್ರವಾದ್ದರಿಂದ ಅಂಥ ಹಿಡುವಳಿಗೆ ಕಾಪಿಹೋಲ್ಡ್ ಎಂಬ ಹೆಸರು ಬಂತು. ಈ ಪದ್ಧತಿ ಪೂರ್ತಿಯಾಗಿ ಕೊನೆಗೊಂಡದ್ದು 1926ರಲ್ಲಿ. ತಂದೆ, ಮಗ, ಜಮೀನು ಮೂರನ್ನೂ ಒಂದೇ ವಾಕ್ಯದಲ್ಲಿ ಕಟ್ಟಿಕೊಡುವ ಇಂಥ ನಮೂದುಗಳು ಒಂದರ ಹಿಂದೊಂದು ಸಿಕ್ಕಿದರೆ ಅದಕ್ಕಿಂತ ಗಟ್ಟಿಯಾದ ಸಾಕ್ಷ್ಯ ಬೇರೊಂದಿಲ್ಲ. ಹಾಗೆ ಸಿಕ್ಕಿದ ದಿನದ ಸಂತೋಷವೂ ಬೇರೆಯೇ. ಯಾವ ಮ್ಯಾನರಿನ ಸುರುಳಿಗಳು ಎಲ್ಲಿ ಉಳಿದಿವೆ ಎಂದು ಹೇಳುವ ಪಟ್ಟಿಯೊಂದನ್ನು ಕ್ಯೂ ಸಂಗ್ರಹದವರೇ ನಿರ್ವಹಿಸುತ್ತಾರೆ, ಮನೆಯಿಂದಲೇ ನೋಡಬಹುದು. ಎಲ್ಲವೂ ಉಳಿದಿಲ್ಲ ಎಂಬುದು ನಿಮಗೆ ತಿಳಿದಿರಲಿ. 1381ರ ರೈತರ ದಂಗೆಯಲ್ಲಿ, ತಮ್ಮ ಜೀತದ ದಾಖಲೆ ಇದೇ ಎಂದು ಬಲ್ಲ ಜನರು ಹಲವೆಡೆ ಈ ಸುರುಳಿಗಳನ್ನೇ ಹುಡುಕಿ ಸುಟ್ಟರು.

ನೆಲವನ್ನು ಹಿಂಬಾಲಿಸುವಾಗಲೂ ಒಂದು ಎಚ್ಚರ ಬೇಕು. 13 ಮತ್ತು 14ನೇ ಶತಮಾನಗಳಲ್ಲಿ, ಗಂಡುಮಕ್ಕಳಿಲ್ಲದ ಮನೆಯ ಮಗಳನ್ನೋ ಜಮೀನಿದ್ದ ವಿಧವೆಯನ್ನೋ ಮದುವೆಯಾದವನು ಕೆಲವೊಮ್ಮೆ ಆ ಹಿಡುವಳಿಯ ಹೆಸರಿನಿಂದಲೇ ಗುರುತಿಸಿಕೊಳ್ಳುತ್ತಿದ್ದ. ನಮ್ಮಲ್ಲಿ ಮನೆ ಅಳಿಯನಾಗಿ ಹೋದವನನ್ನು ಊರಿನವರು ಮಾವನ ಮನೆಯ ಹೆಸರಿನಿಂದ ಕರೆಯುವುದಿಲ್ಲವೆ, ಹಾಗೆ. ಅಂಥ ಕಡೆ ಹೆಸರೂ ನೆಲವೂ ಒಂದೇ ಆಗಿ ಮುಂದುವರಿದಿದ್ದರೂ ರಕ್ತಸಂಬಂಧ ತಾಯಿಯ ಕಡೆಯಿಂದ ಬಂದಿರುತ್ತದೆ. ಆದ್ದರಿಂದ ಪ್ರತಿ ಪ್ರವೇಶದ ನಮೂದಿನಲ್ಲಿಯೂ ಯಾವ ಹಕ್ಕಿನಿಂದ ಬಂದ ಎಂಬ ಪದಗಳನ್ನು ಬಿಡದೆ ಓದಿ.

ವಂಶವೃಕ್ಷದಲ್ಲಿ ಹೇಳಿದಂತೆ ಆತ ನಿಜವಾಗಿಯೂ ದೊಡ್ಡ ಭೂಮಾಲೀಕನಾಗಿದ್ದು, ಅರಸನಿಂದಲೇ ನೇರವಾಗಿ ಭೂಮಿ ಹಿಡಿದಿದ್ದರೆ, ಅವನು ಸತ್ತಾಗ ನಡೆದ ಮರಣೋತ್ತರ ವಿಚಾರಣೆಯ ದಾಖಲೆ ಇರಬೇಕು. ಸುಮಾರು 1236ರಿಂದ 17ನೇ ಶತಮಾನದ ನಡುವಿನವರೆಗೆ ಇವು ಸಿಗುತ್ತವೆ. ಸ್ಥಳೀಯ ಪಂಚರು ಪ್ರಮಾಣ ಮಾಡಿ ಸತ್ತವನ ಭೂಮಿ ಎಷ್ಟು, ವಾರಸುದಾರ ಯಾರು, ಅವನ ವಯಸ್ಸೆಷ್ಟು ಎಂದು ಹೇಳುತ್ತಿದ್ದರು. ವಾರಸುದಾರ ಅಪ್ರಾಪ್ತನಾಗಿದ್ದು ಮುಂದೆ ವಯಸ್ಸಿಗೆ ಬಂದಾಗ ಅದನ್ನು ರುಜುವಾತು ಮಾಡಲು ಮತ್ತೊಂದು ವಿಚಾರಣೆ. ಅಲ್ಲಿ ಸಾಕ್ಷಿಗಳು, ಅದೇ ವರ್ಷ ನನ್ನ ಮಗಳ ಮದುವೆಯಾಯಿತು, ಅದೇ ದಿನ ನಾನು ಬಿದ್ದು ಕಾಲು ಮುರಿದುಕೊಂಡೆ ಎಂಬ ನೆನಪುಗಳನ್ನು ಆಧಾರವಾಗಿ ಕೊಡುತ್ತಿದ್ದರು. ಬೆಂಗಳೂರಿನ ಹಳೆಯ ತಲೆಮಾರಿನವರು 1898ರ ಪ್ಲೇಗನ್ನು ಗುರುತಾಗಿಟ್ಟುಕೊಂಡು ಹುಟ್ಟಿದ ವರ್ಷ ಹೇಳುತ್ತಿದ್ದುದು ನನಗೆ ಇಲ್ಲಿ ನೆನಪಾಗುತ್ತದೆ. ಈ ನೆನಪುಗಳಲ್ಲಿ ಎಷ್ಟೋ ಒಂದೇ ಅಚ್ಚಿನವು; ಆದ್ದರಿಂದ ವಯಸ್ಸನ್ನು ಅಂದಾಜಾಗಿ ಮಾತ್ರ ಸ್ವೀಕರಿಸಿ. ನಿಮ್ಮ ಸಂಬಂಧಿಕರಿಗೆ ಆ ವಂಶವೃಕ್ಷ ಬರೆದುಕೊಟ್ಟವರನ್ನು ಈ ವಿಚಾರಣೆಯ ದಾಖಲೆ ಎಲ್ಲಿದೆ ಎಂದು ಮೊದಲು ಕೇಳಿ.

ಪ್ರಶ್ನೆ: ನಾನು ಕಾನೂನು ವಿದ್ಯಾರ್ಥಿ. ಇಂಗ್ಲೆಂಡಿನ ಭೂದಾಖಲೆಗಳ ಬಗ್ಗೆ ಓದುವಾಗ ‘ಫೀಟ್ ಆಫ್ ಫೈನ್ಸ್’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಇದು ದಂಡದ ಲೆಕ್ಕವೆ? ಮನೆತನದ ಇತಿಹಾಸಕ್ಕೂ ಇದಕ್ಕೂ ಏನು ಸಂಬಂಧ?
– ಓದುಗರೊಬ್ಬರು, ಬಸವನಗುಡಿ, ಬೆಂಗಳೂರು

ಉತ್ತರ: ದಂಡಕ್ಕೂ ಇದಕ್ಕೂ ಸಂಬಂಧವಿಲ್ಲ. ಇಲ್ಲಿ ‘ಫೈನ್’ ಎಂದರೆ ಅಂತಿಮ ಒಪ್ಪಂದ. ನಮ್ಮ ನ್ಯಾಯಾಲಯಗಳ ರಾಜಿ ಡಿಕ್ರಿಯನ್ನು ನೆನಪಿಗೆ ತಂದುಕೊಂಡರೆ ಅದರ ಸ್ವರೂಪ ಬೇಗ ಅರ್ಥವಾಗುತ್ತದೆ. ಕೊಳ್ಳುವವನು ವಾದಿಯಾಗಿ ಅರಸನ ನ್ಯಾಯಾಲಯದಲ್ಲಿ ದಾವೆ ಹೂಡುತ್ತಿದ್ದ, ಮಾರುವವನು ಪ್ರತಿವಾದಿಯಾಗಿ ನಿಂತು ಈ ಭೂಮಿ ವಾದಿಯದೇ ಎಂದು ಒಪ್ಪಿಕೊಳ್ಳುತ್ತಿದ್ದ. ಬಹುಪಾಲು ಸಂದರ್ಭಗಳಲ್ಲಿ ಇಬ್ಬರ ನಡುವೆ ಜಗಳವೇ ಇರುತ್ತಿರಲಿಲ್ಲ. ಕ್ರಯಕ್ಕೆ ಅರಸನ ನ್ಯಾಯಾಲಯದ ಮುದ್ರೆ ಬೀಳಲಿ, ಮುಂದೆ ಯಾರೂ ತಕರಾರು ತೆಗೆಯದಿರಲಿ ಎಂಬುದೇ ಉದ್ದೇಶ. ಒಂದೇ ತೊಗಲಿನ ಹಾಳೆಯ ಮೇಲೆ ಆ ಒಪ್ಪಂದವನ್ನು ಮೂರು ಸಲ ಬರೆದು, ಅಂಕುಡೊಂಕಾದ ಗೆರೆಯಲ್ಲಿ ಕತ್ತರಿಸಿ, ಎರಡು ಪ್ರತಿಗಳನ್ನು ಇಬ್ಬರು ಕಕ್ಷಿದಾರರಿಗೆ ಕೊಟ್ಟು, ಹಾಳೆಯ ಬುಡದಲ್ಲಿದ್ದ ಮೂರನೆಯದನ್ನು ಖಜಾನೆಯಲ್ಲಿ ಇಡುತ್ತಿದ್ದರು. ಬುಡದ ತುಂಡಾದ್ದರಿಂದಲೇ ಅದಕ್ಕೆ ‘ಫುಟ್’ ಎಂಬ ಹೆಸರು. ಯಾರಾದರೂ ಖೋಟಾ ಪ್ರತಿ ತಂದರೆ ಕತ್ತರಿಸಿದ ಅಂಚು ಬುಡದ ತುಂಡಿಗೆ ಕೂಡುತ್ತಿರಲಿಲ್ಲ.

ಹ್ಯೂಬರ್ಟ್ ವಾಲ್ಟರ್ ಅರಸನ ಆಡಳಿತವನ್ನು ನಡೆಸುತ್ತಿದ್ದ 1195ರಲ್ಲಿ ಈ ಮೂರನೆಯ ಪ್ರತಿಯ ವ್ಯವಸ್ಥೆ ಆರಂಭವಾಯಿತು; 1833ರ ಕಾಯಿದೆ ಈ ಪದ್ಧತಿಯನ್ನೇ ತೆಗೆದುಹಾಕುವವರೆಗೆ ಮುಂದುವರಿಯಿತು. ಆರುನೂರು ವರ್ಷಗಳಿಗೂ ಮೀರಿದ ಈ ಸಾಲು ಕ್ಯೂ ಸಂಗ್ರಹದಲ್ಲಿ ಸಿಪಿ 25 ಎಂಬ ಸಂಖ್ಯೆಯಡಿ ಇದೆ. ಮನೆತನದ ಇತಿಹಾಸ ಬರೆಯುವವರಿಗೆ ಇದರ ಬೆಲೆ ಹೆಂಗಸರ ಕಾರಣದಿಂದ ಹೆಚ್ಚು. ಮದುವೆಯಾದ ಹೆಣ್ಣಿನ ಭೂಮಿಯನ್ನು ಗಂಡನೊಬ್ಬನೇ ಶಾಶ್ವತವಾಗಿ ಪರಭಾರೆ ಮಾಡುವಂತಿರಲಿಲ್ಲ. ಹೆಂಡತಿಯೂ ಕಕ್ಷಿಯಾಗಿ ಬಂದು, ನ್ಯಾಯಾಧೀಶರು ಅವಳನ್ನು ಪ್ರತ್ಯೇಕವಾಗಿ ವಿಚಾರಿಸಿ, ಅವಳ ಒಪ್ಪಿಗೆ ಪಡೆಯಬೇಕಿತ್ತು. ಹಾಗಾಗಿ ಬೇರೆ ದಾಖಲೆಗಳಲ್ಲಿ ಎಲ್ಲಿಯೂ ಕಾಣದ ಹೆಂಡತಿಯರ ಹೆಸರುಗಳು ಇಲ್ಲಿ ದಾಖಲಾಗಿವೆ, ಬಹುಮಟ್ಟಿಗೆ ಮೊದಲ ಹೆಸರು ಮಾತ್ರ. ನಮೂದಿಸಿದ ಹಣವನ್ನು ಮಾತ್ರ ನಿಜವಾದ ಬೆಲೆಯೆಂದು ತಿಳಿಯಬೇಡಿ. ಅದು ಎಷ್ಟೋ ಸಲ ರೂಢಿಯ ಮೊತ್ತ.

ನೀವು ಕಾನೂನಿನವರಾದ್ದರಿಂದ, ಪ್ರಜೆಗಳ ನಡುವಿನ ಸಿವಿಲ್ ವ್ಯಾಜ್ಯಗಳನ್ನು ನೋಡುತ್ತಿದ್ದ ಕಾಮನ್ ಪ್ಲೀಸ್ ನ್ಯಾಯಾಲಯದ ದಾವೆಗಳ ಸುರುಳಿಗಳನ್ನೂ ನೋಡಬೇಕೆಂದು ನನ್ನ ಆಸೆ. 1273ರಿಂದ ಮುಂದಿನವು ಸಿಪಿ 40 ಎಂಬ ಸರಣಿಯಲ್ಲಿವೆ. ಜಮೀನಿಗೆ ಹಕ್ಕು ಹೇಳುವವನು ತಾನು ಯಾರ ಮಗ, ಅವನು ಯಾರ ಮಗ ಎಂದು ತಲೆಮಾರುಗಳನ್ನು ಎಣಿಸುತ್ತಾ ಹೋದ ದಾವೆಗಳು ಅಲ್ಲಿ ಸಿಗುತ್ತವೆ. ಅವು ಗೆಲ್ಲಬೇಕೆಂಬವನ ಹೇಳಿಕೆಗಳು ಎಂಬುದನ್ನು ಮರೆಯಬೇಡಿ. 1413ರ ಒಂದು ಕಾಯಿದೆಯ ನಂತರ ಪ್ರತಿವಾದಿಯ ಹೆಸರಿನ ಜೊತೆ ಅವನ ಅಂತಸ್ತು ಅಥವಾ ಕಸುಬು ಮತ್ತು ವಾಸದ ಊರನ್ನು ಬರೆಯುವುದು ಕಡ್ಡಾಯವಾಯಿತು; ಒಂದೇ ಹೆಸರಿನ ಇಬ್ಬರನ್ನು ಬೇರ್ಪಡಿಸಲು ಇದಕ್ಕಿಂತ ದೊಡ್ಡ ಸಹಾಯವಿಲ್ಲ. ಅಮೆರಿಕದ ಹ್ಯೂಸ್ಟನ್ ವಿಶ್ವವಿದ್ಯಾಲಯದವರು ಈ ಸುರುಳಿಗಳ ಛಾಯಾಚಿತ್ರಗಳನ್ನು ಉಚಿತವಾಗಿ ಅಂತರ್ಜಾಲದಲ್ಲಿ ಇಟ್ಟಿದ್ದಾರೆ. ಮೊಟಕುಗೊಳಿಸಿದ ಲ್ಯಾಟಿನ್ ಪದಗಳ ಆ ಬರಹ ಮೊದಲಿಗೆ ಮೋಡಿ ಲಿಪಿಯ ಕಡತದಷ್ಟೇ ಕಠಿಣವಾಗಿ ಕಾಣುತ್ತದೆ. ಆದರೆ ವಾಕ್ಯಗಳ ಅಚ್ಚು ಒಂದೇ ಆಗಿರುವುದರಿಂದ, ಅಚ್ಚಾಗಿರುವ ಒಂದು ಫೈನಿನ ಪಠ್ಯವನ್ನು ಬಾಯಿಪಾಠ ಮಾಡಿಕೊಂಡು ಕುಳಿತರೆ ಎರಡನೆಯದು ಅರ್ಧ ಓದಿಸಿಕೊಳ್ಳುತ್ತದೆ.

ಪ್ರಶ್ನೆ: ‘ಮೂರನೇ ಎಡ್ವರ್ಡನ 15ನೇ ವರ್ಷ, ಸಂತ ಮೈಕೇಲನ ಹಬ್ಬದ ನಂತರದ ಸೋಮವಾರ’ ಎಂದು ಒಂದು ದಾಖಲೆಯಲ್ಲಿದೆ. ಇದು ಯಾವ ದಿನ?
– ಓದುಗರೊಬ್ಬರು, ಮಲ್ಲೇಶ್ವರಂ, ಬೆಂಗಳೂರು

ಉತ್ತರ: ಶಾಸನಗಳಲ್ಲಿ ಶಕವರ್ಷ, ಸಂವತ್ಸರ, ತಿಥಿ ನೋಡಿ ಕಾಲ ತೆಗೆಯುವವರಿಗೆ ಇದು ಕಷ್ಟವಲ್ಲ. ಮೂರನೇ ಎಡ್ವರ್ಡನ ಆಳ್ವಿಕೆಯ ಎಣಿಕೆ 1327ರ ಜನವರಿ 25ರಿಂದ. ಆದ್ದರಿಂದ 15ನೇ ವರ್ಷ 1341ರ ಜನವರಿ 25ಕ್ಕೆ ಆರಂಭವಾಗುತ್ತದೆ. ಸಂತ ಮೈಕೇಲನ ಹಬ್ಬ ಸೆಪ್ಟೆಂಬರ್ 29. ಅಂದಿನ ಜೂಲಿಯನ್ ಪಂಚಾಂಗದಲ್ಲಿ ಆ ವರ್ಷ ಅದು ಶನಿವಾರ ಬಿದ್ದಿತ್ತು; ಹಾಗಾಗಿ ನೀವು ಕೇಳಿದ ದಿನ 1341ರ ಅಕ್ಟೋಬರ್ 1. ಇಸವಿಯನ್ನೇ ನೇರವಾಗಿ ಬರೆದ ದಾಖಲೆಯಾದರೆ ಇನ್ನೊಂದು ವಿಷಯ ಗಮನಿಸಿ. 14ನೇ ಶತಮಾನದ ಇಂಗ್ಲೆಂಡಿನಲ್ಲಿ ಇಸವಿ ಬದಲಾಗುತ್ತಿದ್ದುದು ಮಾರ್ಚ್ 25ರಂದು. 1340ರ ಫೆಬ್ರವರಿ ಎಂದು ಅಲ್ಲಿ ಬರೆದಿದ್ದರೆ ಅದು ನಮ್ಮ ಲೆಕ್ಕದಲ್ಲಿ 1341ರ ಫೆಬ್ರವರಿ. ನಿಮ್ಮ ಟಿಪ್ಪಣಿಯಲ್ಲಿ ಎರಡೂ ವರ್ಷಗಳನ್ನು ಅಡ್ಡಗೆರೆ ಹಾಕಿ 1340/41 ಎಂದು ಬರೆದಿಟ್ಟುಕೊಳ್ಳಿ.