ಮಗುವಿಗೆ ಎಡಿಎಚ್‌ಡಿ ಇದೆ, ಆಫೀಸಿನಲ್ಲಿ ಏನು ಕೇಳಬಹುದು?

ಎಡಿಎಚ್‌ಡಿ ಅಂದರೆ ಗಮನ ನಿಲ್ಲಿಸೋಕೆ, ಸುಮ್ನೆ ಕೂರೋಕೆ ಕಷ್ಟವಾಗೋ ಸ್ಥಿತಿ. ನೀವು ಖಾಸಗಿ ಕಂಪನಿಯಲ್ಲಿದ್ದೀರಿ ಅಂದುಕೊಳ್ಳೋಣ. ಇಂಥ ಮಗುವನ್ನು ನೋಡಿಕೊಳ್ಳೋಕೆಂದೇ ರಜೆ ಕೊಡಲೇಬೇಕು ಅನ್ನೋ ಕಾನೂನು ಅಲ್ಲಿಗಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿರೋ 21 ವಿಧದ ಅಂಗವೈಕಲ್ಯಗಳಲ್ಲೂ ಎಡಿಎಚ್‌ಡಿ ಪ್ರತ್ಯೇಕವಾಗಿ ಇಲ್ಲ. ಇದು ಬದಲಾಗಲೇಬೇಕು.

ಹಾಗಾಗಿ ‘ಸ್ವಲ್ಪ ಅನುಕೂಲ ಮಾಡಿಕೊಡಿ’ ಅಂತ ಸುಮ್ನೆ ಕೇಳಬೇಡಿ. ಗಂಟೆ ಸಮೇತ ಹೇಳಿ: ‘ಬುಧವಾರ ನಾಲ್ಕಕ್ಕೆ ಥೆರಪಿ. ಮೂರಕ್ಕೆ ಹೊರಡುತ್ತೇನೆ, ಉಳಿದ ಕೆಲಸ ರಾತ್ರಿ ಮುಗಿಸುತ್ತೇನೆ.’ ಒಂಬತ್ತರ ಮೀಟಿಂಗನ್ನು ಹತ್ತಕ್ಕೆ ಹಾಕಿಸಿಕೊಂಡರೆ ಜಾಸ್ತಿ ಉಪಯೋಗ. ಒಂದು ಸಾಕ್ಸ್ ಹಾಕಿ ಇನ್ನೊಂದನ್ನು ಮರೆತು ಆಟಕ್ಕೆ ಕೂತ ಮಗುವನ್ನು ಗದರಿಸಿ ಸ್ಕೂಲ್ ವ್ಯಾನ್ ಹತ್ತಿಸೋಕಾಗಲ್ಲ, ಅಲ್ವಾ?

ಒಪ್ಪಿದ್ದನ್ನು ಮೇಲ್‌ನಲ್ಲಿ ಬರೆಸಿಕೊಳ್ಳಿ. ಮ್ಯಾನೇಜರ್ ಬದಲಾದಾಗ ಅದೇ ಕೈಹಿಡಿಯೋದು.